ಗೃಹಪ್ರವೇಶಕ್ಕೆ ಮುನ್ನ: ಮನೆಯ ಸಾಮಾನುಗಳ ವಿಕ್ರಯವನ್ನು ಕುರಿತು

ಗೃಹಪ್ರವೇಶದ ಮುಹೂರ್ತವನ್ನು ಕೇಳಲು ಬರುವ ಸದ್ಗೃಹಸ್ಥರು ತಿಥಿ, ವಾರ, ನಕ್ಷತ್ರಗಳನ್ನಲ್ಲದೆ ಹಾಲುಕ್ಕಿಸುವ ದಿಕ್ಕನ್ನೂ, ಗೋವು ಹೊಸ್ತಿಲು ದಾಟಬೇಕಾದ ಹೊತ್ತನ್ನೂ ವಿಚಾರಿಸುತ್ತಾರೆ. ಹೊಸ ಮನೆಯೊಳಗೆ ಬಲಗಾಲಿಡುವುದು ಹೇಗೆಂಬುದಕ್ಕೆ ನಮ್ಮಲ್ಲಿ ಗ್ರಂಥಗಳಿವೆ, ಪದ್ಧತಿಗಳಿವೆ, ಬಲ್ಲ ಹಿರಿಯರಿದ್ದಾರೆ. ಹಳೆಯ ಮನೆಯಿಂದ ಎಡಗಾಲನ್ನು ಕೀಳುವುದು ಹೇಗೆಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ. ನಾಲ್ಕು ತಲೆಮಾರು ಬಾಳಿದ ಮನೆಯೊಳಗೆ ಕೂಡಿಬಿದ್ದ ವಸ್ತುಗಳಲ್ಲಿ ಯಾವುದನ್ನು ಒಯ್ಯಬೇಕು, ಯಾವುದನ್ನು ಕೊಡಬೇಕು, ಯಾವುದನ್ನು ಮಾರಬಹುದು, ಮಾರುವಾಗ ಏನನ್ನು ಹೇಳಬೇಕು ಎಂಬ ಪ್ರಶ್ನೆಯನ್ನು ನಾವು ಸಾಮಾನು ಸಾಗಿಸುವ ಲಾರಿಯವನಿಗೂ ಗುಜರಿಯವನಿಗೂ ಬಿಟ್ಟುಬಿಟ್ಟಿದ್ದೇವೆ. ಬೃಹದಾರಣ್ಯಕದಲ್ಲಿ ಯಾಜ್ಞವಲ್ಕ್ಯರು ಮನೆಯನ್ನು ಬಿಟ್ಟು ಹೊರಡುವ ಮುನ್ನ ಮಾಡಿದ ಮೊದಲ ಕೆಲಸವೆಂದರೆ ತಮ್ಮಲ್ಲಿದ್ದುದನ್ನು ಇಬ್ಬರು ಪತ್ನಿಯರಿಗೆ ಹಂಚಿಕೊಡಲು ಕುಳಿತದ್ದು. ಮೈತ್ರೇಯಿಯು ಕೇಳಿದ ಮಹಾಪ್ರಶ್ನೆಯು ಹುಟ್ಟಿದ್ದೇ ಈ ಸಾಮಾನಿನ ಲೆಕ್ಕದ ನಡುವೆ ಎಂಬುದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ.

ಕಳೆದ ವೈಶಾಖದಲ್ಲಿ ನಾವು ಬಬಲೇಶ್ವರದ ಹಿರಿಯರ ಮನೆಯನ್ನು ಬಿಟ್ಟು ವಿಜಯಪುರ ನಗರಕ್ಕೆ ಬಂದೆವು. ದಾರಿ ಸುಮಾರು 25 ಕಿಲೋಮೀಟರು ಮಾತ್ರ. ಬಸ್ಸಿನಲ್ಲಿ ಒಂದು ಗಂಟೆಯೂ ಆಗದು. ಆದರೆ ಅಲ್ಲಿದ್ದುದು ಕಲ್ಲುಗೋಡೆಯ, ಮೇಲ್ಮುದ್ದೆಯ, ಬೆಳಕಿಂಡಿಯ ಮಾಳಿಗೆಮನೆ, ಪಡಸಾಲೆಯ ಕೆಳಗೆ ಬತ್ತಿಹೋದ ಹಗೇವು, ಹಿತ್ತಲಲ್ಲಿ ತುಲಸಿಕಟ್ಟೆ. ಇಲ್ಲಿರುವುದು ಮೂರನೆಯ ಅಂತಸ್ತಿನ ಎರಡು ಕೋಣೆ. ಮಕ್ಕಳ ವಿದ್ಯಾಭ್ಯಾಸ, ತೀರ್ಥರೂಪರ ಕಣ್ಣಿನ ಚಿಕಿತ್ಸೆ, ಪ್ರತಿ ಮಳೆಗಾಲದಲ್ಲೂ ಸೋರುವ ಮಾಳಿಗೆ, ಇವೇ ಕಾರಣಗಳು. ಹಳೆಯ ಮನೆಯ ಸಾಮಾನಿನಲ್ಲಿ ನಾಲ್ಕರಲ್ಲಿ ಒಂದು ಪಾಲೂ ಹೊಸ ಮನೆಯಲ್ಲಿ ಹಿಡಿಸುವಂತಿರಲಿಲ್ಲ. ಹೀಗಿರಲು ಮಾರುವುದು ಅನಿವಾರ್ಯವಾಯಿತು.

ನಮ್ಮ ಸೀಮೆಯಲ್ಲಿ ಈ ಮಾತನ್ನು ಬಾಯಿಬಿಟ್ಟು ಆಡುವುದಕ್ಕೇ ಸಂಕೋಚ. ಭಾಂಡೆ ಮಾರಿದ ಮನೆತನವೆಂದರೆ ಕೆಟ್ಟ ಮನೆತನವೆಂದೇ ಅರ್ಥ. ಇದಕ್ಕೆ ಕಾರಣವಿಲ್ಲದಿಲ್ಲ. ಬರದ ನಾಡು ನಮ್ಮದು. 1876ರಿಂದ 78ರವರೆಗಿನ ಮಹಾಕ್ಷಾಮದಲ್ಲಿ, ಆಗಿನ್ನೂ ಈ ಜಿಲ್ಲೆಗೆ ಕಲಾದಗಿ ಜಿಲ್ಲೆಯೆಂದೇ ಹೆಸರು, ದಖ್ಖನಿನ ಬರಪೀಡಿತರು ಕಾಳಿಗಾಗಿ ಮಾರಿದ ಬೆಳ್ಳಿಯ ಒಡವೆಗಳು ಮುಂಬಯಿಯ ಟಂಕಸಾಲೆಗೆ ರಾಶಿರಾಶಿಯಾಗಿ ಹೋಗಿ ಕರಗಿದವು. (ಜಿಲ್ಲೆಯ ಕಚೇರಿಯೇ ಗಂಟುಮೂಟೆ ಕಟ್ಟಿಕೊಂಡು ಕಲಾದಗಿಯಿಂದ ವಿಜಾಪುರಕ್ಕೆ ಮನೆ ಬದಲಿಸಿದ್ದು 1885ರಲ್ಲಿ, ಆಗ ಅದು ಏನೇನನ್ನು ಮಾರಿತೋ ತಿಳಿಯದು.) 1972ರ ಬರವನ್ನಂತೂ ಕಣ್ಣಾರೆ ಕಂಡ ಹಿರಿಯರು ಇಂದಿಗೂ ಇದ್ದಾರೆ. ಅವರ ಪಾಲಿಗೆ ಮನೆಯ ಮುಂದೆ ಭಾಂಡೆ ಹರಡಿದ ದೃಶ್ಯವೆಂದರೆ ಜಪ್ತಿ, ಇಲ್ಲವೆ ಲಿಲಾವು.

ಮೂರನೆಯ ಬಗೆಯ ಮಾರಾಟವನ್ನು ನಮ್ಮ ತಲೆಮಾರಿನವರು ಬಾಲ್ಯದಲ್ಲಿ ಕಂಡೆವು. ಅದು ಮುಳುಗಡೆಯ ಮಾರಾಟ. ಲಾಲ್ ಬಹದ್ದೂರ್ ಶಾಸ್ತ್ರಿಗಳು 1964ರಲ್ಲಿ ಅಡಿಗಲ್ಲಿಟ್ಟ ಆಲಮಟ್ಟಿಯ ಅಣೆಕಟ್ಟೆಯಲ್ಲಿ ನೀರು ಏರತೊಡಗಿದಂತೆ ಹಳೆಯ ಕೊಲ್ಹಾರವೂ, ಬಾಗಲಕೋಟೆಯ ಬಹುಭಾಗವೂ, ಕೃಷ್ಣಾತೀರದ ಅನೇಕ ಗ್ರಾಮಗಳೂ ಎದ್ದು ಹೋಗಬೇಕಾಯಿತು. ಬಾಗಲಕೋಟೆಯವರಿಗಾಗಿ ನವನಗರವೇ ಎದ್ದಿತು. ಹೋಗುವವರು ತಾವೇ ತಮ್ಮ ಮನೆಗಳನ್ನು ಬಿಚ್ಚಿದರು. ತೇಗದ ಕಂಬ, ಕೆತ್ತನೆಯ ಬಾಗಿಲುವಾಡ, ತೊಲೆ, ಜಂತಿಗಳಲ್ಲಿ ಕೆಲವು ಹೊಸ ಮನೆಗೆ ಹೋದವು, ಉಳಿದವು ಬಂದಷ್ಟು ಬೆಲೆಗೆ ಹೋದವು. ಮಾರುವವನು ಇಂತಿಷ್ಟು ದಿನದೊಳಗೆ ಊರು ಬಿಡಲೇಬೇಕೆಂಬುದು ಕೊಳ್ಳುವವನಿಗೆ ಗೊತ್ತಿದ್ದಾಗ ನಡೆಯುವ ಚೌಕಾಸಿಯನ್ನು ವ್ಯಾಪಾರವೆನ್ನಬೇಕೆ, ಬೇರೇನಾದರೂ ಅನ್ನಬೇಕೆ ಎಂಬುದನ್ನು ಕೊಂಡವರು ತಮ್ಮ ಮನಸ್ಸನ್ನೇ ಕೇಳಿಕೊಳ್ಳಬೇಕು. ಇಂದು ನೀರು ನಿಲ್ಲುವುದು 519.6 ಮೀಟರಿಗೆ, 2010ರಲ್ಲಿ ಕೃಷ್ಣಾ ನ್ಯಾಯಾಧಿಕರಣವು 524.256 ಮೀಟರಿಗೆ ಅನುಮತಿಯಿತ್ತಿದೆ. ಆ ಎತ್ತರಕ್ಕೆ ನೀರು ಏರುವ ದಿನ ಮತ್ತಷ್ಟು ಮನೆಗಳ ಬಾಗಿಲುವಾಡಗಳು ಅಂಗಳಕ್ಕೆ ಬರುತ್ತವೆ. ಆದುದರಿಂದ ಇದು ಮುಗಿದ ಕಥೆಯಲ್ಲ.

ಅಮೆರಿಕದಲ್ಲಿರುವ ನಮ್ಮ ಬಂಧುಗಳು ಈ ಸಂಕೋಚವನ್ನು ಕೇಳಿ ನಗುತ್ತಾರೆ. ಅಲ್ಲಿ ಮನೆ ಬದಲಿಸುವವರು ಶನಿವಾರ ಬೆಳಿಗ್ಗೆ ಗ್ಯಾರೇಜಿನ ಮುಂದೆ ಸಾಮಾನು ಹರಡಿ, ಒಂದೊಂದಕ್ಕೂ ಬೆಲೆಯ ಚೀಟಿ ಅಂಟಿಸಿ, ಕುರ್ಚಿ ಹಾಕಿಕೊಂಡು ಕೂಡುತ್ತಾರಂತೆ. ಅದರಲ್ಲಿ ಅವಮಾನವೇನೂ ಇಲ್ಲವಂತೆ. ನಮಗೂ ಈಗ ಹಾಗೆಯೇ ತೋರುತ್ತದೆ. ಅನವಶ್ಯಕವಾದುದನ್ನು ಅವಶ್ಯಕತೆಯುಳ್ಳವನಿಗೆ ನ್ಯಾಯವಾದ ಬೆಲೆಗೆ ಕೊಡುವುದರಲ್ಲಿ ನಾಚಬೇಕಾದುದಿಲ್ಲ. ನಾಚಬೇಕಾದುದು ಬೇರೆಯದೇ ಇದೆ. ಅದನ್ನು ಮುಂದೆ ನಿವೇದಿಸುತ್ತೇವೆ.

ಶಾಸ್ತ್ರವು ವಿಕ್ರಯಕ್ಕೆ ವಿರೋಧಿಯೇನಲ್ಲ. ಆದರೆ ಎಲ್ಲ ವಸ್ತುವನ್ನೂ ಒಂದೇ ತಕ್ಕಡಿಗೆ ಹಾಕಲು ಅದು ಬಿಡುವುದಿಲ್ಲ. ನಮ್ಮ ಕರ್ನಾಟಕದ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರರು ಭೂಮಿಯ ವಿಷಯದಲ್ಲಿ ಒಂದು ವಿಚಿತ್ರವಾದ ಮಾತನ್ನು ಎತ್ತಿ ಹೇಳುತ್ತಾರೆ. ಭೂಮಿಯನ್ನು ಮಾರಬೇಕಾಗಿ ಬಂದರೂ ಕೈಗೆ ಹೊನ್ನನ್ನೂ ನೀರನ್ನೂ ಬಿಟ್ಟು ದಾನದ ರೂಪದಲ್ಲಿಯೇ ಅದನ್ನು ಒಪ್ಪಿಸಬೇಕಂತೆ. ಬಿ.ಎ. ತರಗತಿಯಲ್ಲಿ ಇದನ್ನು ಓದಿದಾಗ ನಮಗೆ ಬರಿಯ ಹೊರತೋರಿಕೆಯೆನಿಸಿತ್ತು. ಬೆಲೆ ತೆಗೆದುಕೊಂಡ ಮೇಲೆ ದಾನವೆಂಬ ಹೆಸರೇಕೆ? ಈಗ ಅದರ ಅಭಿಪ್ರಾಯವು ಸ್ವಲ್ಪ ತಿಳಿಯುತ್ತದೆ. ಬೆಲೆಯು ಎಷ್ಟೇ ಇರಲಿ, ಬೆಲೆಗೆ ಸಿಕ್ಕದ ಒಂದು ಅಂಶವು ಆ ವಸ್ತುವಿನಲ್ಲಿ ಉಳಿದಿರುತ್ತದೆ, ಅದನ್ನು ಕೊಟ್ಟೇ ತೀರಬೇಕು, ಮಾರಲಾಗದು ಎಂಬ ಎಚ್ಚರ ಅದು.

ಇದಕ್ಕೂ ಮೂಲವಾದ ಮಾತು ಈಶಾವಾಸ್ಯದ ಪ್ರಥಮ ಮಂತ್ರದಲ್ಲಿದೆ. ಅಲ್ಲಿ ಬರುವ ತ್ಯಕ್ತವೆಂಬ ಪದಕ್ಕೆ ಲೋಕವು ತ್ಯಾಗವನ್ನೇ ಅರ್ಥವಾಗಿ ಹಿಡಿಯುತ್ತದೆ. ಶ್ರೀಮದಾಚಾರ್ಯರ ಭಾಷ್ಯವಾದರೋ ಆ ಈಶನಿಂದ ಕೊಡಲ್ಪಟ್ಟುದು ಎಂದು ತಿಳಿಸುತ್ತದೆ. ಅವನು ಕೊಟ್ಟುದರಿಂದ ಬಾಳು. ಅವನು ಕೊಡದುದನ್ನು ಬಯಸಬೇಡ. ಪಾಠಶಾಲೆಯಲ್ಲಿ ಗುರುಗಳು ಇದನ್ನು ಹೇಳಿದಾಗ ನಾವು ಚಿಕ್ಕವರು. ಪರೀಕ್ಷೆಗೆ ಬೇಕಾದಷ್ಟು ಮಾತ್ರ ಹಿಡಿದೆವು. ಮನೆಯ ಸಾಮಾನನ್ನು ಪಡಸಾಲೆಯಲ್ಲಿ ಹರಡಿ ನಿಂತ ದಿನ ಆ ಅರ್ಥವು ಬೇರೆ ಬಗೆಯಲ್ಲಿ ಎದುರಿಗೆ ಬಂತು. ಎಲ್ಲವೂ ಅವನು ಕೊಟ್ಟುದೇ ಹೌದು. ಆದರೆ ಯಾರ ಕೈಯಿಂದ ಕೊಡಿಸಿದ, ಏತಕ್ಕಾಗಿ ಕೊಡಿಸಿದ ಎಂಬುದು ಒಂದೊಂದು ವಸ್ತುವಿಗೂ ಬೇರೆ ಬೇರೆ.

ಸಾಲಿಗ್ರಾಮ, ಸಂಪುಷ್ಟ, ಪೂಜಾಪಾತ್ರೆಗಳ ಮಾತು ಬೇಡ; ಸಾಲಿಗ್ರಾಮಕ್ಕೆ ಕ್ರಯವಿಕ್ರಯವೇ ಇಲ್ಲವೆಂಬುದು ಎಲ್ಲ ಆಸ್ತಿಕರಿಗೂ ತಿಳಿದಿದೆ. ಗ್ರಂಥಗಳನ್ನು ಪಾಠಶಾಲೆಗೆ ಒಪ್ಪಿಸಿದೆವು. ತೊಟ್ಟಿಲನ್ನು ಮಾರಲು ಮಾತೋಶ್ರೀಯವರು ಸುತರಾಂ ಒಪ್ಪಲಿಲ್ಲ. ಓಣಿಯಲ್ಲಿ ಚೊಚ್ಚಲ ಬಸುರಿಯೊಬ್ಬಳಿದ್ದಳು, ಅವಳ ಮನೆಗೆ ಹೋಯಿತು. ಅದರ ಪ್ರತಿಫಲವಾಗಿ ಒಂದು ಸೇರು ಅಕ್ಕಿ, ಒಂದು ತೆಂಗಿನಕಾಯಿ ಬಂದವು. ಅದಕ್ಕಿಂತ ಹೆಚ್ಚಿನ ಬೆಲೆಯನ್ನು ಈ ಮಾರಾಟದಲ್ಲಿ ಯಾವ ವಸ್ತುವೂ ತರಲಿಲ್ಲವೆಂದು ಅವರು ಇಂದಿಗೂ ಹೇಳುತ್ತಾರೆ.

ಮಾರಿದವುಗಳಲ್ಲಿ ಮೊದಲನೆಯದು ಕಟ್ಟಿಗೆಯ ಕಪಾಟು. ಕೊಳ್ಳಲು ಬಂದವರು ತಿಕೋಟಾದ ಕಡೆಯ ದ್ರಾಕ್ಷಿ ಬೆಳೆಗಾರರು. ಹೊರಗೆ ಹೊಸದಾಗಿ ಬಣ್ಣ ಬಳಿಸಿದ್ದೆವು, ನೋಡಲು ಚೆನ್ನಾಗಿತ್ತು. ಬೆಲೆ ಕುದುರುವಷ್ಟರಲ್ಲಿ ತೀರ್ಥರೂಪರು ಒಳಗಿನಿಂದ ಬಂದು ಹಿಂಬದಿಯ ಹಲಗೆಯನ್ನು ಬೆರಳಿನಿಂದ ಒತ್ತಿ, ಇಲ್ಲಿ ಗೆದ್ದಲು ಹಿಡಿದಿದೆ ನೋಡಿ ಎಂದರು. ದೋಷವಿದ್ದುದನ್ನೂ, ಮುಚ್ಚಿಟ್ಟುದನ್ನೂ, ತೂಕದಲ್ಲಿ ಕಡಿಮೆಯಾದುದನ್ನೂ, ಒಂದರೊಳಗೊಂದು ಬೆರೆಸಿದುದನ್ನೂ ಮಾರಕೂಡದೆಂಬ ಮನುವಿನ ವಿಧಿಯನ್ನು ಅವರು ಉಚ್ಚರಿಸಲೂ ಇಲ್ಲ. ಬೆರಳಿನಿಂದ ಒತ್ತಿದರು ಅಷ್ಟೆ. ಬೆಲೆ ಅರ್ಧಕ್ಕಿಳಿಯಿತು. ಆ ಬೆಳೆಗಾರರು ನಕ್ಕು, "ಒಣದ್ರಾಕ್ಷಿ ಶೆಡ್ಡಿನ್ಯಾಗ ಹಲಿಗಿ ಬೇಕಾಗ್ಯಾವ್ರಿ, ಕಪಾಟ ಅಲ್ಲ" ಎಂದು ಹೇಳಿ ಒಯ್ದರು. ನಮಗೆ ಒಳಗೊಳಗೆ ಹಳಹಳಿಯಾದುದನ್ನು ಒಪ್ಪಿಕೊಳ್ಳಬೇಕು. ಅವರಿಗೆ ಬೇಕಾದುದು ಹಲಗೆಯೇ ಆಗಿದ್ದರೆ ಗೆದ್ದಲಿನ ಮಾತನ್ನು ಎತ್ತುವ ಅಗತ್ಯವೇನಿತ್ತು ಎಂದು ಆ ದಿನವೆಲ್ಲ ಎಣಿಸಿದೆವು. ದೋಷವನ್ನು ಹೇಳುವುದು ಕೊಳ್ಳುವವನ ಹಾನಿಯನ್ನು ತಪ್ಪಿಸುವುದಕ್ಕೆ ಮಾತ್ರವೆಂದು ತಿಳಿದರೆ ಈ ಎಣಿಕೆ ಸರಿಯೇ. ಹೇಳದೆ ಇರುವವನಿಗೆ ಏನಾಗುತ್ತದೆಂಬುದನ್ನು ನಾವು ಒಂದು ವಾರದಲ್ಲೇ ಕಲಿತೆವು.

ಅಟ್ಟದ ಮೇಲೆ ಒಂದು ತಗಡಿನ ಟ್ರಂಕು ಇತ್ತು. 1972ರ ಬರದಲ್ಲಿ ಸೋಲಾಪುರದ ಗಿರಣಿಗಳಿಗೆ ಕೂಲಿಗೆ ಹೋದ ನೆರೆಮನೆಯವರು ನಮ್ಮ ಪಿತಾಮಹರ ವಶಕ್ಕೆ ಕೊಟ್ಟು ಹೋದದ್ದು. ಅವರು ಮರಳಿ ಬರಲಿಲ್ಲ. ಒಪ್ಪಿಸಿಹೋದ ನಿಕ್ಷೇಪಕ್ಕೆ ಕಾಲದ ಮಿತಿಯಿಲ್ಲವೆಂದು ಪಿತಾಮಹರು ಹೇಳುತ್ತಿದ್ದರಂತೆ. ಬೀಗಕ್ಕೆ ತುಕ್ಕು ಹಿಡಿದಿದೆ. ನಾವು ತೆರೆದು ನೋಡಿಲ್ಲ. ಟ್ರಂಕು ಈಗ ಮೂರನೆಯ ಅಂತಸ್ತಿಗೆ ಬಂದು ಮಂಚದ ಕೆಳಗಿದೆ. ಸೋಲಾಪುರದಲ್ಲಿ ವಿಚಾರಿಸುತ್ತಿದ್ದೇವೆ.

ಇನ್ನು ಹಂಡೆಯ ವಿಷಯ.

ಬಚ್ಚಲಮನೆಯಲ್ಲಿ ಹುಗಿದ ಒಲೆಯ ಮೇಲೆ ನಾವು ಹುಟ್ಟುವುದಕ್ಕಿಂತಲೂ ಮೊದಲಿನಿಂದ ಒಂದು ತಾಮ್ರದ ಹಂಡೆಯಿತ್ತು. ಅದರ ನೀರಿನಲ್ಲಿಯೇ ಮಿಂದು ನಾವು ಬೆಳೆದವರು. ಹೊರಗೆಲ್ಲ ಮಸಿ ಮೆತ್ತಿ ಅದರ ನಿಜವಾದ ಬಣ್ಣವೇ ಕಂಡಿರಲಿಲ್ಲ. ಹೊಸ ಮನೆಯಲ್ಲಿ ಒಲೆಯಿಲ್ಲ, ಬಿಸಿನೀರಿಗೆ ಗೀಸರಿದೆ. ಉಳಿದ ಹಿತ್ತಾಳೆ ತಾಮ್ರದ ಸಾಮಾನುಗಳೊಡನೆ ಅದನ್ನೂ ನಗರದ ಭಾಂಡೆ ವ್ಯಾಪಾರಿಯೊಬ್ಬರಿಗೆ ತೂಕದ ಮೇಲೆ ಮಾರಿದೆವು. 11 ಕಿಲೋ ತೂಗಿತು, ಕಿಲೋಕ್ಕೆ 500 ರೂಪಾಯಿಯಂತೆ 5,500 ರೂಪಾಯಿ ಬಂತು. ತಾಮ್ರದ ಗುಣವನ್ನು ನೋಡಲೆಂದು ವ್ಯಾಪಾರಿಯ ಆಳು ಕಂಠದ ಬಳಿ ಹುಣಸೆಹಣ್ಣಿನಿಂದ ಒಂದು ಗೇಣಿನಷ್ಟು ತಿಕ್ಕಿದನು. ಅಲ್ಲಿ ಚುಕ್ಕೆ ಚುಕ್ಕೆಯಾಗಿ ಕೊರೆದ ಅಕ್ಷರಗಳು ಎದ್ದುವು. ಒಬ್ಬ ತಾಯಿಯ ಹೆಸರು, ಶಕೆ 1894, ಶ್ರೀರಾಯರ ಆರಾಧನೆಯೆಂಬ ಎರಡು ಶಬ್ದ. ನಾವು ಓದಿದೆವು. ಓದಿದ ಮೇಲೂ ಹಣವನ್ನು ಎಣಿಸಿ ತೆಗೆದುಕೊಂಡೆವು.

ತೀರ್ಥರೂಪರು ಆಗ ದೇವರಕೋಣೆಯಲ್ಲಿದ್ದರು. ಅವರಿಗೆ ತಿಳಿಸಬಹುದಿತ್ತು. ತಿಳಿಸದಿರಲು ನಮ್ಮ ಬಳಿ ಶಾಸ್ತ್ರವೂ ಸಿದ್ಧವಾಗಿತ್ತು. ದಾನವೆಂದರೆ ಕೊಟ್ಟವನ ಸ್ವಾಮ್ಯವು ಅಳಿದು ಪಡೆದವನ ಸ್ವಾಮ್ಯವು ಹುಟ್ಟುವುದು. ಇನ್ನು ಮುಂದೆ ಇದು ನನ್ನದಲ್ಲವೆಂದು ನೀರು ಬಿಟ್ಟ ಬಳಿಕ ಕೊಟ್ಟವನಿಗೆ ಅದರಲ್ಲಿ ಏನೂ ಉಳಿಯದು. ಪಿತಾಮಹರಿಗೆ ಬಂದುದು ತೀರ್ಥರೂಪರಿಗೆ, ತೀರ್ಥರೂಪರದು ನಮಗೆ. ಮಾರಲು ನಮಗೆ ಪೂರ್ಣ ಅಧಿಕಾರವುಂಟು. ಈ ವಾದದಲ್ಲಿ ತಪ್ಪಿಲ್ಲ. ಯಾವ ಪಂಡಿತರ ಮುಂದಿಟ್ಟರೂ ಅದು ನಿಲ್ಲುತ್ತದೆ. ವಾದವು ಅಷ್ಟು ಬೇಗ ನೆನಪಿಗೆ ಬಂದದ್ದೇ ನಮಗೆ ಸಂಶಯವನ್ನು ಹುಟ್ಟಿಸಬೇಕಾಗಿತ್ತು.

ನಾಲ್ಕನೆಯ ದಿನ ತಿಕೋಟಾದಿಂದ ಒಬ್ಬ ವೃದ್ಧೆ ಬಂದರು. ಊರ ಒಕ್ಕಲುತನದ ಮನೆಯ ಮಗಳು, ತಿಕೋಟಾಕ್ಕೆ ಕೊಟ್ಟವರು; ನಾವು ಊರು ಬಿಡುವೆವೆಂಬ ಸುದ್ದಿ ಕೇಳಿ ತೀರ್ಥರೂಪರಿಗೆ ನಮಸ್ಕರಿಸಲೆಂದು ಬಂದಿದ್ದರು. ಹೆಸರನ್ನು ಇಲ್ಲಿ ಬರೆಯುವುದು ಉಚಿತವಲ್ಲ. ನೀರು ಬೆಲ್ಲ ಕೊಟ್ಟಾಯಿತು, ಮಕ್ಕಳ ಮಾತಾಯಿತು. ಆಮೇಲೆ ಸಹಜವಾಗಿ ಕೇಳಿದರು: "ನಮ್ಮವ್ವನ ಹಂಡೆ ಎಲ್ಲಿ ಇಟ್ಟೀರಿ? ಒಮ್ಮೆ ನೋಡಿ ಹೋಗ್ತೀನಿ."

ನಾವು ಹೇಳಿದೆವು: "ಅದು ಆಗಲೇ ವಿಜಯಪುರಕ್ಕೆ ಹೋಗಿದೆ."

ಆ ಮಾತಿನಲ್ಲಿ ಅಕ್ಷರವೊಂದೂ ಸುಳ್ಳಿರಲಿಲ್ಲ. ಹಂಡೆಯು ವಿಜಯಪುರದಲ್ಲಿಯೇ ಇತ್ತು. ಆ ತಾಯಿ ಸಂತೋಷಪಟ್ಟು, ಹೊಸ ಮನೆಯಲ್ಲಿಯೂ ಅದು ಇರುತ್ತದೆಂದು ತಿಳಿದು ಕಣ್ಣೊರೆಸಿಕೊಂಡು ಹೊರಟುಹೋದರು. ದ್ರೋಣಪರ್ವದಲ್ಲಿ ಧರ್ಮರಾಜನು ಆಡಿದ ಮಾತೂ ಅಕ್ಷರಶಃ ಸತ್ಯವೇ. ಸತ್ತದ್ದು ಆನೆಯೆಂಬುದನ್ನು ಆಚಾರ್ಯರಿಗೆ ಕೇಳಿಸದಂತೆ ಮೆಲ್ಲಗೆ ಹೇಳಿದನು. ಅದುವರೆಗೆ ನೆಲದಿಂದ ನಾಲ್ಕಂಗುಲ ಮೇಲೆ ಓಡುತ್ತಿದ್ದ ಅವನ ರಥವು ಆ ಕ್ಷಣ ನೆಲಕ್ಕಿಳಿಯಿತು. ಈ ಕಥೆಯನ್ನು ನಾವೇ ಎಷ್ಟು ಪ್ರವಚನಗಳಲ್ಲಿ ಹೇಳಿದ್ದೇವೋ ಲೆಕ್ಕವಿಲ್ಲ. ಧರ್ಮರಾಜನಿಗಾದರೂ ಎದುರಿಗೆ ಯುದ್ಧವಿತ್ತು, ಪಕ್ಕದಲ್ಲಿ ಹಾಗೆ ಹೇಳೆಂದವರಿದ್ದರು. ನಮ್ಮ ಎದುರಿಗಿದ್ದುದು ಎಪ್ಪತ್ತು ದಾಟಿದ ಒಬ್ಬ ಹೆಣ್ಣುಮಗಳು, ಮತ್ತು 5,500 ರೂಪಾಯಿ.

ಆ ರಾತ್ರಿ ಊಟವಾದ ಮೇಲೆ ತೀರ್ಥರೂಪರು ಎಲ್ಲವನ್ನೂ ಹೇಳಿದರು. 1972ರಲ್ಲಿ, ಪರಿಧಾವಿ ಸಂವತ್ಸರದ ಶ್ರಾವಣದಲ್ಲಿ, ಊರ ಬಾವಿಗಳು ತಳಕಂಡಿದ್ದವು. ಆರಾಧನೆಯ ಮೂರು ದಿನ ಅಡಿಗೆಗೂ ತೀರ್ಥಕ್ಕೂ ನೀರನ್ನು ದೂರದಿಂದ ಬಂಡಿಯಲ್ಲಿ ತರಬೇಕು. ತಂದರೆ ತುಂಬಿಡಲು ದೊಡ್ಡ ಪಾತ್ರೆಯಿಲ್ಲ. ಈ ಸಾರೆ ಆರಾಧನೆಯನ್ನು ಒಂದೇ ದಿನಕ್ಕೆ ಇಳಿಸುವುದೆಂದು ಪಿತಾಮಹರು ನಿಶ್ಚಯಿಸಿದ್ದರು. ಅದನ್ನು ಕೇಳಿ ಆ ತಾಯಿ ಹಂಡೆಯನ್ನು ತಂದುಕೊಟ್ಟರು. ಮೂರು ದಿನವೂ ನಡೆಯಿತು. ವರ್ಷಗಳು ಕಳೆದು, ಮನೆಗೆ ನಳ ಬಂದ ಮೇಲೆ, ಹಂಡೆಯು ಬಚ್ಚಲ ಒಲೆಯನ್ನೇರಿತು. "ಅದು ಮೊದಲನೆಯ ತಪ್ಪು, ಅದು ನನ್ನದು," ಎಂದರು. "ಎರಡನೆಯದು ನಿನ್ನದು. ಮೂರನೆಯದು ಇವತ್ತಿನದು." ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೋಗಿ ತಾ" ಎಂದಿಷ್ಟೇ ಹೇಳಿ ಮಲಗಿದರು.

ನಮಗೆ ನಿದ್ರೆ ಬರಲಿಲ್ಲ. ಮನುವಿನ ವ್ಯವಹಾರಪ್ರಕರಣದಲ್ಲಿಯೇ ನಮ್ಮ ವಾದಕ್ಕೆ ಉತ್ತರವಿದ್ದುದು ಆಗ ಹೊಳೆಯಿತು. ಧರ್ಮಕಾರ್ಯಕ್ಕೆಂದು ಕೊಟ್ಟುದನ್ನು ಆ ಕಾರ್ಯಕ್ಕೆ ಉಪಯೋಗಿಸದಿದ್ದರೆ ಆ ಕೊಡುಗೆಯೇ ನಿಲ್ಲದೆಂದು ಅಲ್ಲಿ ಹೇಳಿದೆ. ಹಂಡೆಯು ನಮ್ಮ ಮನೆತನಕ್ಕೆ ಬಂದುದಲ್ಲ, ಆರಾಧನೆಯ ನೀರಿಗೆ ಬಂದುದು. ನಾವು ಆ ನೀರಿನ ಕಾವಲುಗಾರರು. ದಾನದಲ್ಲಿ ಕೊಟ್ಟವನ ಸ್ವಾಮ್ಯ ಅಳಿಯುವುದೇನೋ ನಿಜ. ಕೊಟ್ಟವನ ಉದ್ದೇಶವು ಸಹ ಅಳಿಯಿತೆಂದು ಯಾರು ಹೇಳಿದರು? ಅದನ್ನು ತಿಳಿಯಲು ಸ್ಮೃತಿಯೂ ಬೇಕಾಗಿರಲಿಲ್ಲ, ತಾಮ್ರದ ಮೇಲೆಯೇ ಬರೆದಿತ್ತು.

ಬೆಳಿಗ್ಗೆ ಬಸ್ಸು ಸಾರವಾಡವನ್ನು ದಾಟುವಾಗ ಶ್ರೀ ಮಹಿಪತಿದಾಸರ ಕಥೆ ನೆನಪಾಯಿತು. ನಮ್ಮ ಕಾಖಂಡಕಿಯಲ್ಲಿ ನೆಲೆಸಿದ ಅವರು ಹದಿನೇಳನೆಯ ಶತಮಾನದಲ್ಲಿ ಆದಿಲಶಾಹಿಯ ದರಬಾರಿನ ದೊಡ್ಡ ಅಧಿಕಾರಿಗಳಾಗಿದ್ದವರು. ಸಾರವಾಡದ ಭಾಸ್ಕರಸ್ವಾಮಿಗಳು ಅವರ ಗುರುಗಳು. ಅಧಿಕಾರದ ಮುದ್ರೆಯುಂಗುರವನ್ನು ಒಬ್ಬ ಫಕೀರನು ಅವರಿಂದ ಕೇಳಿ ಪಡೆದು ಕೋಟೆಯ ಕಂದಕಕ್ಕೆ ಎಸೆದುಬಿಟ್ಟನೆಂದೂ, ಅವರು ಕಳವಳಗೊಂಡಾಗ ನೀರಿನಿಂದ ಹಲವಾರು ಉಂಗುರಗಳನ್ನು ತೆಗೆದು ತೋರಿಸಿ ನಿನ್ನದನ್ನು ಆರಿಸಿಕೊಳ್ಳೆಂದನೆಂದೂ ನಮ್ಮ ಕಡೆಯ ಹಿರಿಯರು ಹೇಳುತ್ತಾರೆ. ಹೇಳುವವರ ಬಾಯಲ್ಲಿ ವಿವರಗಳು ಅಷ್ಟಿಷ್ಟು ಬದಲಾಗುತ್ತವೆ. ಎಲ್ಲವೂ ಒಂದೇ ತೆರನಾಗಿದ್ದವು. ತಮ್ಮದು ಯಾವುದೆಂದು ದಿವಾನರಿಗೆ ಗುರುತು ಹತ್ತಲಿಲ್ಲ. ಆ ಕ್ಷಣದಿಂದ ಅವರ ಬಾಳು ತಿರುಗಿತು. ನಮ್ಮ ಸ್ಥಿತಿಯು ಅದಕ್ಕಿಂತ ಕೀಳು. ಅವರ ಮುಂದಿದ್ದ ಉಂಗುರಗಳಲ್ಲಿ ಗುರುತೇ ಇರಲಿಲ್ಲ. ನಮ್ಮ ಹಂಡೆಯಲ್ಲಿ ಬೇರೊಬ್ಬರ ಹೆಸರೇ ಇತ್ತು, ಓದಿಯೂ ನಮ್ಮದೆಂದೆವು.

ವ್ಯಾಪಾರಿಯ ಅಂಗಡಿಯ ಮುಂದೆ ನಿಂತಾಗ ಏನೆಂದು ಕೇಳಬೇಕೆಂದೇ ತೋಚಲಿಲ್ಲ. ಕೊಂಡು ಅಥವಾ ಮಾರಿ ಪಶ್ಚಾತ್ತಾಪಪಟ್ಟವನು ಹತ್ತು ದಿನದೊಳಗೆ ವಸ್ತುವನ್ನು ಮರಳಿಸಬಹುದು, ಮರಳಿ ಪಡೆಯಬಹುದು ಎಂದು ಅದೇ ಮನುಸ್ಮೃತಿಯಲ್ಲಿದೆ. ನಮಗೆ ಅಂದು ಐದನೆಯ ದಿನ. ಆದರೆ ಈ ಕಾಲದ ಅಂಗಡಿಯಲ್ಲಿ ಮನುವನ್ನು ಎತ್ತಿದರೆ ನಗುವರೆಂದು ಬಲ್ಲೆವು. ಆ ವ್ಯಾಪಾರಿ ನಮ್ಮ ಮುಖವನ್ನು ನೋಡಿದೊಡನೆಯೇ, "ಹಂಡೇಕ ಬಂದೀರಿ?" ಎಂದರು. ಒಳಗಿನ ಮೂಲೆಯಿಂದ ಅದನ್ನು ಹೊರಗೆ ತರಿಸಿದರು. ಬೆಳಗಿ ಕೆಂಪಗೆ ಮಾಡಿಸಿದ್ದರು. ಹೆಸರು ಮಾತ್ರ ಹಾಗೆಯೇ ಇತ್ತು. "ಹೆಸರ ಇದ್ದ ಭಾಂಡೆ ನಾವು ಲಗೂನ ಮುರಿಯೂದಿಲ್ರಿ ಆಚಾರ್ರ. ಯಾರರೆ ಹುಡುಕ್ಯಾಡಕೋತ ಬಂದ ಬರ್ತಾರ. ಹದಿನೈದು ದಿನ ಇಟ್ಟ ನೋಡ್ತೀವಿ." ಯಾವ ಸ್ಮೃತಿಯನ್ನೂ ಓದದ ಆ ಮನುಷ್ಯನ ಅವಧಿಯು ಮನುವಿನ ಅವಧಿಗಿಂತ ಐದು ದಿನ ಹೆಚ್ಚಾಗಿತ್ತು. ಕೊಟ್ಟ ಬೆಲೆಗೇ ಮರಳಿಸಿದರು. ಬೆಳಗಿದ ಕೂಲಿಯೆಂದು 300 ರೂಪಾಯಿ ಕೇಳಿದರು. ಅದು ನ್ಯಾಯವೇ.

ಅಲ್ಲಿಂದ ನೇರವಾಗಿ ತಿಕೋಟಾದ ಬಸ್ಸು ಹಿಡಿದೆವು. ಹಂಡೆಯನ್ನು ತೊಡೆಯ ಮೇಲಿಟ್ಟುಕೊಂಡು ಸುಮಾರು 20 ಕಿಲೋಮೀಟರು. ಆ ತಾಯಿಯ ಮುಂದೆ ಅದನ್ನಿಟ್ಟು, ಮಾರಿದ್ದನ್ನೂ, ನಿನ್ನೆ ಆಡಿದ ಮಾತನ್ನೂ, ಅದರ ಅರ್ಥವನ್ನೂ ಬಿಡಿಸಿ ಹೇಳಿದೆವು. ಅವರು ಬಹಳ ಹೊತ್ತು ಅಕ್ಷರಗಳ ಮೇಲೆ ಕೈಯಾಡಿಸುತ್ತಿದ್ದರು, ಓದಲು ಬಾರದವರು. ಕೊನೆಗೆ ಎಷ್ಟಕ್ಕೆ ಹೋಗಿತ್ತೆಂದು ಕೇಳಿದರು. ಹೇಳಿದೆವು. "ನಮ್ಮವ್ವ ತವರವರು ಕೊಟ್ಟ ಬೆಳ್ಳಿ ಕಡಗ ಮಾರಿ ಇದನ್ನ ತಂದಿದ್ಲು" ಎಂದರು. ಸಿಟ್ಟಿನಿಂದ ಹೇಳಿದ್ದಲ್ಲ, ಬೆಲೆಯ ಮಾತು ಬಂದಾಗ ನೆನಪಾದುದನ್ನು ಹೇಳಿದರು, ಅಷ್ಟೆ. ಬರದ ವರ್ಷದಲ್ಲಿ ಎಲ್ಲರೂ ಕಾಳಿಗಾಗಿ ಒಡವೆ ಮಾರುತ್ತಿದ್ದಾಗ ಒಬ್ಬಾಕೆ ಮತ್ತೊಬ್ಬರ ಮನೆಯ ಆರಾಧನೆಯ ನೀರಿಗಾಗಿ ಮಾರಿದ್ದರು.

ಹಂಡೆಯನ್ನು ಇಲ್ಲಿಯೇ ಇಟ್ಟುಕೊಳ್ಳಿರೆಂದು ಬೇಡಿಕೊಂಡೆವು. ಅವರು ಬೆದರಿ ಕೈ ಹಿಂದೆಗೆದರು. ಕೊಟ್ಟುದನ್ನು ಮರಳಿ ಮುಟ್ಟುವುದೆಂದರೆ ಅವರಿಗೆ ಅಂಥ ಭಯ. ಭಾಗವತದ ದಶಮಸ್ಕಂಧದಲ್ಲಿ ನೃಗರಾಜನ ಕಥೆಯಿದೆ. ಒಮ್ಮೆ ಕೊಟ್ಟ ಗೋವು ತಪ್ಪಿಸಿಕೊಂಡು ಬಂದು ತನ್ನ ಹಿಂಡಿನಲ್ಲಿ ಸೇರಿದ್ದನ್ನು ಅರಿಯದೆ ಮತ್ತೊಬ್ಬರಿಗೆ ಕೊಟ್ಟು, ಅವನು ಓತಿಯಾಗಿ ಬಾವಿಯಲ್ಲಿ ಬಿದ್ದು, ಕೊನೆಗೆ ಶ್ರೀಕೃಷ್ಣನ ಕೈಯಿಂದ ಉದ್ಧಾರವಾದನು. ಅಷ್ಟು ದೊಡ್ಡ ದಾನಿಗೆ ಅಷ್ಟು ಚಿಕ್ಕ ಮರೆವಿಗೆ ಅಂಥ ಶಿಕ್ಷೆಯೇ ಎಂದು ನಾವು ಹಿಂದೆಲ್ಲ ಶಂಕಿಸುತ್ತಿದ್ದೆವು. ತನ್ನ ಹಿಂಡಿನಲ್ಲಿ ನಿಂತಿರುವುದರಲ್ಲಿ ತನ್ನದಲ್ಲದುದು ಯಾವುದೆಂಬುದನ್ನು ತಿಳಿಯದಿರುವುದು ಚಿಕ್ಕ ಮರೆವೇನೂ ಅಲ್ಲವೆಂದು ಆ ಪಡಸಾಲೆಯಲ್ಲಿ ಕುಳಿತಾಗ ಕಂಡಿತು. ಅವರು ಒಂದೇ ಮಾತು ಕೇಳಿದರು: ಶ್ರಾವಣದಲ್ಲಿ ಇದರಾಗ ನೀರು ತುಂಬತೀರೇನು? ತುಂಬುತ್ತೇವೆಂದೆವು. ಈ ಸಲ ಆ ಮಾತಿಗೆ ಒಂದೇ ಅರ್ಥವಿತ್ತು.

ಶ್ರಾವಣದಲ್ಲಿ ತುಂಬಿದೆವು. ಎರಡು ಕೋಣೆಯ ಮನೆಯಲ್ಲಿ ಆರಾಧನೆಗೆ ಬಂದವರು ಹನ್ನೆರಡೇ ಮಂದಿ. ನಳದ ನೀರು ಇದ್ದೇ ಇತ್ತು; ಹಂಡೆಯ ಅಗತ್ಯವೇನೂ ಇರಲಿಲ್ಲ. ಆದರೂ ತೀರ್ಥಕ್ಕೆ, ಅಡಿಗೆಗೆ, ಬಡಿಸುವಾಗ ಕುಡಿಯುವುದಕ್ಕೆ ಮೂರೂ ದಿನ ಅದರಿಂದಲೇ ತೆಗೆದೆವು. ತಿಕೋಟಾದಿಂದ ಆ ತಾಯಿಯೂ ಮೊಮ್ಮಗನೊಡನೆ ಬಂದಿದ್ದರು. ಮೂರು ಅಂತಸ್ತು ಹತ್ತಲು ಬಹಳ ಆಯಾಸವಾಯಿತು.

ಹಂಡೆಯು ಈಗ ಗ್ಯಾಲರಿಯಲ್ಲಿದೆ. ಒಗೆದ ಬಟ್ಟೆ ಹರವಲು ಅಡ್ಡವಾಗುತ್ತದೆಂದು ಮನೆಯವರ ದೂರು ಇದ್ದೇ ಇದೆ. ತೀರ್ಥರೂಪರು ಪ್ರತಿ ದಶಮಿಯ ದಿನ ಹುಣಸೆಹಣ್ಣು ಹಚ್ಚಿ ಅದನ್ನು ತಾವೇ ಬೆಳಗುತ್ತಾರೆ. ಕಣ್ಣು ಮಂಜಾಗಿರುವುದರಿಂದ ಕಂಠದ ಬಳಿ ಬೆರಳಿನಿಂದ ತಡವಿ ಹೆಸರಿನ ಜಾಗವನ್ನು ಗುರುತಿಸಿಕೊಂಡು, ಅಲ್ಲಿ ಮಾತ್ರ ಮೆಲ್ಲಗೆ ತಿಕ್ಕುತ್ತಾರೆ.